ಫಿಸಿಕ್ಸ್ ತಲೆಗೆ ಹತ್ತುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

"ಚೆನ್ನಾಗಿ ಓದ್ತಾಳೆ ಸಾರ್, ಆದ್ರೆ ಫಿಸಿಕ್ಸ್ ಮಾತ್ರ ತಲೆಗೆ ಹತ್ತಲ್ಲ." ಪೋಷಕರ ಸಭೆಯಲ್ಲಿ ಈ ಮಾತು ಕೇಳದ ವಿಜ್ಞಾನದ ಮೇಷ್ಟ್ರು ಇರಲಿಕ್ಕಿಲ್ಲ. ಸರಿ, ಹತ್ತದೇ ಇರೋದು ಏನು? ಪ್ರಶ್ನೆಯ ಭಾಷೆಯೋ, ಭಾಗಾಕಾರವೋ, ಯೂನಿಟ್ಟೋ, ಇಲ್ಲಾ ನಿಜಕ್ಕೂ ಬಲ ಅಂದರೆ ಏನು ಅನ್ನೋದೋ? ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಮೊದಲು ಪೆಟ್ರೋಲ್ ಇದೆಯಾ ನೋಡುತ್ತೇವೆ, ಬಂದ ಕೂಡಲೇ ಇಂಜಿನ್ ಬಿಚ್ಚುವುದಿಲ್ಲ. ಇಲ್ಲೂ ಅದೇ ಕ್ರಮ. 8ರಿಂದ 10ನೇ ತರಗತಿ ಮಕ್ಕಳಿಗೆ ಪಾಠ ಮಾಡುವವರು, ಟ್ಯೂಷನ್ ಹೇಳುವವರು, ಮನೆಯಲ್ಲಿ ಕೂರಿಸಿಕೊಂಡು ಓದಿಸುವ ಅಪ್ಪ ಅಮ್ಮ, ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆಗಳಿವು.

ಶುರು ಮಾಡುವ ಮೊದಲು

ಸಾಮಾನು ಜಾಸ್ತಿ ಬೇಡ. ಎರಡು ಹೊಸ ಟಾರ್ಚ್ ಸೆಲ್, ಎರಡು ಟಾರ್ಚ್ ಬಲ್ಬ್, ಸ್ವಲ್ಪ ವೈರು, ಒಂದು ಭೂತಗನ್ನಡಿ, ಕೇರಂ ಬೋರ್ಡು, ಒಂದು ಪುಸ್ತಕ, ಒಂದು ಹಾಳೆ. ಬಲ್ಬ್ ತರುವಾಗ ನೋಡಿಕೊಂಡು ತನ್ನಿ. ಈಗ ಅಂಗಡಿಯಲ್ಲಿ ಕೇಳಿದರೆ ಎಲ್‌ಇಡಿ ಕೊಡುತ್ತಾರೆ. ಅದು ಒಂದು ದಿಕ್ಕಿನಲ್ಲಿ ಜೋಡಿಸಿದರೆ ಮಾತ್ರ ಉರಿಯುತ್ತದೆ, ಬೆಳಕು ಹೋಲಿಸುವ ಪರೀಕ್ಷೆಗೆ ಪ್ರಯೋಜನವಿಲ್ಲ. ಒಳಗೆ ಫಿಲಮೆಂಟ್ ಕಾಣುವ ಹಳೇ ಮಾದರಿಯ ಬಲ್ಬೇ ಬೇಕು. ಶಾಲೆಯ ಲ್ಯಾಬ್ ಬೀರು ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ.

ವಿದ್ಯುತ್ ಪರೀಕ್ಷೆಗೆ ಗೋಡೆಯ ಪ್ಲಗ್ ಮುಟ್ಟಲೇಬೇಡಿ, ಮಕ್ಕಳಿಗೂ ಹೇಳಿ. ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್, ಬೈಕಿನ ಅಥವಾ ಯುಪಿಎಸ್ ಬ್ಯಾಟರಿಯೂ ಬೇಡ. ಟಾರ್ಚ್ ಸೆಲ್ಲಿನ ಎರಡು ತುದಿಗೂ ಬರೀ ವೈರು ಜೋಡಿಸಿ ಹಿಡಿದರೆ ಅದೂ ಕೈ ಸುಡುವಷ್ಟು ಬಿಸಿಯಾಗಬಹುದು. ಭೂತಗನ್ನಡಿಯಲ್ಲಿ ಸೂರ್ಯನನ್ನು ನೋಡಬಾರದು. ಇದನ್ನು ಪ್ರತಿ ಸಲ ಹೇಳಬೇಕು, ಯಾಕೆಂದರೆ ಪ್ರತಿ ಸಲ ಒಬ್ಬನಾದರೂ ನೋಡಲು ಹೋಗುತ್ತಾನೆ.

ಇನ್ನೊಂದು ವಿಷಯ. ಮಗು ಉತ್ತರ ಹೇಳುವಾಗ ನಿಮ್ಮ ಮುಖ ಬದಲಾಗಬಾರದು. ಹುಬ್ಬು ಏರಿತು ಅಂದರೆ ಅವಳು ತಕ್ಷಣ ಉತ್ತರ ಬದಲಾಯಿಸುತ್ತಾಳೆ, ನಿಮಗೆ ಸಿಕ್ಕ ಸುಳಿವು ಅಲ್ಲಿಗೆ ಹೋಯಿತು. ಮೊದಲು ಏನಾಗುತ್ತೆ ಅಂತ ಊಹೆ ಬರೆಸಿ, ಆಮೇಲೆ ಮಾಡಿ ತೋರಿಸಿ. ಯಾಕೆ ಅಂತ ಕೇಳಿ, ಅವಳ ಮಾತನ್ನು ಅವಳ ಮಾತಿನಲ್ಲೇ ಬರೆದುಕೊಳ್ಳಿ.

ಲಕ್ಷಣ: ವ್ಯಾಖ್ಯೆ ಗಡಗಡ ಒಪ್ಪಿಸುತ್ತಾಳೆ, ಪ್ರಶ್ನೆ ಸ್ವಲ್ಪ ತಿರುಗಿಸಿದರೆ ಬಾಯಿ ಕಟ್ಟುತ್ತದೆ

ಇದು ಎಲ್ಲಕ್ಕಿಂತ ಸಾಮಾನ್ಯ, ಪರೀಕ್ಷಿಸಲು ಎಲ್ಲಕ್ಕಿಂತ ಸುಲಭ. ಪುಸ್ತಕದ ಉದಾಹರಣೆ ಬಿಟ್ಟು ಬೇರೆಯದು ಕೇಳಿ. ಜಡತ್ವಕ್ಕೆ ಎಲ್ಲರೂ ಕೊಡುವ ಉದಾಹರಣೆ ಬಸ್ಸು ಬ್ರೇಕ್ ಹಾಕಿದಾಗ ಮುಂದಕ್ಕೆ ಬೀಳುವುದು. ಅದೇ ಬಸ್ಸಿನಲ್ಲಿ ಇರಿ, ಆದರೆ ಪ್ರಶ್ನೆ ಬದಲಾಯಿಸಿ: ನಿಂತ ಬಸ್ಸಿನ ನೆಲದ ಮೇಲೆ ಖಾಲಿ ನೀರಿನ ಬಾಟಲಿ ಅಡ್ಡ ಬಿದ್ದಿದೆ, ಬಸ್ಸು ಜರ್ರನೆ ಹೊರಟಿತು, ಬಾಟಲಿ ಯಾವ ಕಡೆ ಉರುಳುತ್ತೆ? ಹಿಂದಕ್ಕೆ ಅಂತ ಬಹಳ ಮಕ್ಕಳು ಹೇಳುತ್ತಾರೆ, ನೋಡಿರುತ್ತಾರಲ್ಲ. ಈಗ ಎರಡನೇ ಪ್ರಶ್ನೆ. ಬಸ್ ಸ್ಟಾಪಿನಲ್ಲಿ ನಿಂತು ಕಿಟಕಿಯಿಂದ ನೋಡುತ್ತಿರುವ ಅಜ್ಜನಿಗೆ ಆ ಬಾಟಲಿ ಏನು ಮಾಡಿದಂತೆ ಕಾಣುತ್ತೆ?

"ಇದ್ದಲ್ಲೇ ಇರೋಕೆ ನೋಡುತ್ತೆ, ಬಸ್ಸೇ ಅದರ ಕೆಳಗಿಂದ ಮುಂದಕ್ಕೆ ಹೋಗುತ್ತೆ" ಎಂಬ ಅರ್ಥದ ಮಾತು ಬಂದರೆ ಜಡತ್ವ ಅರ್ಥವಾಗಿದೆ, ಅವಳಿಗೆ ಆ ಪದವೇ ನೆನಪಿಲ್ಲದಿದ್ದರೂ. "ಹಿಂದಕ್ಕೆ ಒಂದು ಬಲ ತಳ್ಳುತ್ತೆ ಸಾರ್" ಅಂದರೆ ವ್ಯಾಖ್ಯೆ ಬಾಯಲ್ಲಿದೆ, ಒಳಗಡೆ ಬೇರೇನೋ ಕೂತಿದೆ. ಮುಂದಿನ ಬಲದ ಭಾಗಕ್ಕೆ ಹೋಗಿ.

ಲಕ್ಷಣ: ಥಿಯರಿ ಪರವಾಗಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ

ಇಲ್ಲಿ ಅರ್ಧಕ್ಕರ್ಧ ಸಲ ಫಿಸಿಕ್ಸ್‌ನಲ್ಲಿ ದೋಷವೇ ಇರುವುದಿಲ್ಲ ಅನ್ನೋದು ನನ್ನ ಅಂದಾಜು. ಒಂದು ಲೆಕ್ಕ ಕೊಡಿ: ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ ಬಸ್ಸು ಬ್ರೇಕ್ ಹಾಕಿ 5 ಸೆಕೆಂಡಿನಲ್ಲಿ ನಿಂತಿತು, ವೇಗೋತ್ಕರ್ಷ ಎಷ್ಟು? 72 ಅನ್ನು 5/18ರಿಂದ ಗುಣಿಸಿದರೆ ಸೆಕೆಂಡಿಗೆ 20 ಮೀಟರ್. ಉತ್ತರ ಮೈನಸ್ 4 ಮೀಟರ್ ಪ್ರತಿ ಸೆಕೆಂಡ್ ವರ್ಗ. ಈಗ ತಪ್ಪು ಉತ್ತರವನ್ನು ಓದಿ, ಅದೇ ಹೇಳುತ್ತದೆ.

14.4 ಬಂದಿದ್ದರೆ ಯೂನಿಟ್ ಬದಲಾಯಿಸಿಲ್ಲ, ಅಷ್ಟೇ, ಉಳಿದದ್ದು ಸರಿಯಿದೆ. 100 ಅಥವಾ 360 ಬಂದಿದ್ದರೆ ಭಾಗಿಸುವ ಬದಲು ಗುಣಿಸಿದ್ದಾನೆ, ದೂರದ ಸೂತ್ರ ತಲೆಯಲ್ಲಿ ಸುತ್ತುತ್ತಿದೆ. 0.25 ಬಂದಿದ್ದರೆ ಸೂತ್ರ ತಲೆಕೆಳಗಾಗಿದೆ. ಬರೀ 4 ಬಂದಿದ್ದರೆ, ಮೈನಸ್ ಇಲ್ಲದೆ, ಲೆಕ್ಕ ಚೆನ್ನಾಗಿದೆ, ದಿಕ್ಕಿನ ವಿಚಾರ ಇನ್ನೂ ಕೂತಿಲ್ಲ. ಇವಕ್ಕೆಲ್ಲ ಕೆಂಪು ಪೆನ್ನಲ್ಲಿ ಒಂದೇ ಥರ ಇಂಟು ಹಾಕಿ ಕೊಟ್ಟರೆ ಹುಡುಗನಿಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ.

ಏನೂ ಬರೆದೇ ಇಲ್ಲ, ಖಾಲಿ ಬಿಟ್ಟಿದ್ದಾನೆ ಅಂದರೆ ಭಾಷೆ ನೋಡಿ. ಪ್ರಶ್ನೆ ಪತ್ರಿಕೆ ಮುಚ್ಚಿಸಿ, "ಏನಾಯ್ತು ಅಂತ ಕಥೆ ಥರ ಹೇಳು" ಅನ್ನಿ. ಮನೆಯಲ್ಲಿ ಕನ್ನಡವೋ ಉರ್ದುವೋ ತುಳುವೋ, ಯಾವುದಿದೆಯೋ ಅದರಲ್ಲೇ ಹೇಳಲಿ. ಇಂಗ್ಲಿಷ್ ಮೀಡಿಯಂ ಹುಡುಗನೊಬ್ಬ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ ಕೂಡಲೇ ಪಟ್ಟಂತ ಉತ್ತರ ಹೇಳಿದರೆ ಅವನಿಗೆ ಬೇಕಾಗಿರುವುದು ಓದುವ ಅಭ್ಯಾಸ. ಫಿಸಿಕ್ಸ್ ಟ್ಯೂಷನ್ನಿಗೆ ದುಡ್ಡು ಹಾಕಬೇಡಿ.

ಲಕ್ಷಣ: ಬಲದ ಪ್ರಶ್ನೆಗಳೆಲ್ಲ ತಪ್ಪು, ಅದೂ ಒಂದೇ ರೀತಿ ತಪ್ಪು

ಒಂದೊಂದು ಸಲ ಒಂದೊಂದು ಥರ ತಪ್ಪಿದರೆ ಅದು ಊಹೆ. ಎಲ್ಲ ಸಲವೂ ಒಂದೇ ದಿಕ್ಕಿಗೆ ತಪ್ಪಿದರೆ ಮಗುವಿನ ತಲೆಯಲ್ಲಿ ತನ್ನದೇ ಒಂದು ಸಿದ್ಧಾಂತ ಇದೆ, ಅದನ್ನು ಅವಳು ಪ್ರಾಮಾಣಿಕವಾಗಿ ಬಳಸುತ್ತಿದ್ದಾಳೆ ಅಂತ ಅರ್ಥ. ನನ್ನ ಮಟ್ಟಿಗೆ ಎರಡನೆಯದೇ ಒಳ್ಳೆಯ ಸುದ್ದಿ. ಹಿಡಿಯಲು ಏನಾದರೂ ಸಿಕ್ಕಿತಲ್ಲ.

ಮೊದಲ ಪರೀಕ್ಷೆಗೆ ಪೆನ್ಸಿಲ್ ಸಾಕು. ಮೇಲಕ್ಕೆ ಎಸೆದ ಚೆಂಡಿನ ಚಿತ್ರ ಮೂರು ಕಡೆ ಬರೆಯಿರಿ: ಏರುತ್ತಿರುವಾಗ, ತುತ್ತತುದಿಯಲ್ಲಿ, ಇಳಿಯುವಾಗ. ಗಾಳಿಯನ್ನು ಮರೆತುಬಿಡು, ಪ್ರತಿ ಕಡೆ ಚೆಂಡಿನ ಮೇಲಿರುವ ಬಲಕ್ಕೆ ಬಾಣ ಹಾಕು ಅನ್ನಿ. ಸರಿಯಾದ ಉತ್ತರ ಮೂರೂ ಕಡೆ ಕೆಳಮುಖದ ಒಂದೇ ಅಳತೆಯ ಒಂದೇ ಬಾಣ, ಅದು ಗುರುತ್ವ. ನಿಮಗೆ ಸಿಗುವುದು ಬಹುಪಾಲು ಇದು: ಏರುವಾಗ ಮೇಲಕ್ಕೊಂದು ದೊಡ್ಡ ಬಾಣ, ತುದಿಯಲ್ಲಿ ಬಾಣವೇ ಇಲ್ಲ, ಇಳಿಯುವಾಗ ಕೆಳಕ್ಕೆ. ಅಂದರೆ ಅವಳು ಬಾಣ ಹಾಕಿದ್ದು ವೇಗಕ್ಕೆ. ಚಲಿಸುವ ಕಡೆಗೆ ಬಲ ಇರಲೇಬೇಕು ಅನ್ನುವುದು ಅವಳ ನಂಬಿಕೆ. ಅರಿಸ್ಟಾಟಲ್‌ ಕೂಡ ಹೆಚ್ಚುಕಮ್ಮಿ ಹಾಗೇ ಅಂದುಕೊಂಡಿದ್ದ, ಹಾಗಾಗಿ ಹುಡುಗಿಯನ್ನು ದಡ್ಡಿ ಅನ್ನಲು ಹೋಗಬೇಡಿ.

ಖಚಿತ ಮಾಡಿಕೊಳ್ಳಲು ಕೇರಂ ಬೋರ್ಡು ತೆಗೆಯಿರಿ. ಸ್ಟ್ರೈಕರ್ ಹೊಡೆಸಿ, ಬೆರಳು ಬಿಟ್ಟ ಮೇಲೆ ಅದು ಜಾರುತ್ತಿರುವಾಗ ಮುಂದಕ್ಕೆ ತಳ್ಳುತ್ತಿರುವುದು ಯಾವುದು ಅಂತ ಕೇಳಿ. "ನನ್ನ ಬೆರಳಿನ ಬಲ ಅದರೊಳಗೆ ಇದೆ, ಖಾಲಿಯಾದಾಗ ನಿಲ್ಲುತ್ತೆ" ಅನ್ನುವ ಉತ್ತರ ಬಂದರೆ ತಿದ್ದಬೇಡಿ. ಬೋರ್ಡಿಗೆ ಪೌಡರ್ ಹಾಕಿ, ಅದೇ ಥರ ಮತ್ತೆ ಹೊಡೆಸಿ. ಇನ್ನೂ ದೂರ ಹೋಯಿತು. ಬೆರಳಿನ ಬಲ ಅಷ್ಟೇ ಇತ್ತಲ್ಲ, ಪೌಡರ್ ಏನು ಬಲ ತುಂಬಿತಾ? ಇಲ್ಲಿ ಸುಮ್ಮನಿರಿ. ಮಗು ಬೋರ್ಡನ್ನೇ ನೋಡುತ್ತಾ ಕೂರುತ್ತದೆ, ಕೆಲವರು ಬೆರಳಿನಿಂದ ಪೌಡರ್ ಸವರಿ ನೋಡುತ್ತಾರೆ. ಆಮೇಲೆ ಯಾರೋ ಒಬ್ಬರು, "ಹಾಗಾದ್ರೆ ಬೋರ್ಡೇ ನಿಲ್ಲಿಸ್ತಾ ಇರೋದಾ?" ಅನ್ನುತ್ತಾರೆ. ಘರ್ಷಣೆಯ ಪಾಠ ಅಲ್ಲಿಂದ ಶುರುವಾಗಲಿ. ಅಂದಹಾಗೆ ಕೇರಂ ಪೌಡರಿನಲ್ಲಿ ಸಾಮಾನ್ಯವಾಗಿ ಬೋರಿಕ್ ಆಸಿಡ್ ಇರುತ್ತದೆ, ಮುಗಿದ ಮೇಲೆ ಕೈ ತೊಳೆಸಿ.

ಮೂರನೆಯದು ಪುಸ್ತಕ ಮತ್ತು ಹಾಳೆ. ಬೇರೆ ಬೇರೆ ಬಿಟ್ಟರೆ ಪುಸ್ತಕ ಮೊದಲು ಬೀಳುತ್ತದೆ, ಎಲ್ಲರಿಗೂ ಗೊತ್ತು. ಹಾಳೆಯನ್ನು ಪುಸ್ತಕಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಪುಸ್ತಕದ ಮೇಲೆ ಇಟ್ಟು ಬಿಟ್ಟರೆ? ಊಹೆ ಬರೆಸಿ, ಬಿಡಿ. ಎರಡೂ ಜೊತೆಗೇ ಬೀಳುತ್ತವೆ. ಹಾಳೆಯನ್ನು ತಡೆಯುತ್ತಿದ್ದದ್ದು ಗಾಳಿ. 1971ರಲ್ಲಿ ಅಪೋಲೋ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದ ವಿಡಿಯೋ ಇದೆ, ಪರೀಕ್ಷೆ ಮುಗಿದ ಮೇಲೆ ತೋರಿಸಿ, ಮೊದಲೇ ತೋರಿಸಬೇಡಿ.

ಇಷ್ಟೂ ದಾಟಿದರೆ ಕೊನೆಯ ಪ್ರಶ್ನೆ: ಲಾರಿ ಮತ್ತು ಸ್ಕೂಟರ್ ಡಿಕ್ಕಿಯಾದವು, ಯಾವುದರ ಮೇಲೆ ಬಲ ಜಾಸ್ತಿ? ಎರಡರ ಮೇಲೂ ಒಂದೇ ಬಲ. ನ್ಯೂಟನ್ನನ ಮೂರನೇ ನಿಯಮ ಬಾಯಿಪಾಠ ಇರುವವರೂ ಇಲ್ಲಿ "ಸ್ಕೂಟರ್ ಮೇಲೆ ಜಾಸ್ತಿ" ಅನ್ನುತ್ತಾರೆ. "ಸಮ" ಅಂದವರನ್ನೂ ಬಿಡಬೇಡಿ, ಮತ್ತೆ ಸ್ಕೂಟರ್ ಮಾತ್ರ ಯಾಕೆ ಅಪ್ಪಚ್ಚಿಯಾಯ್ತು ಅಂತ ಕೇಳಿ. ದ್ರವ್ಯರಾಶಿ ಕಡಿಮೆ ಇದ್ದರೆ ಅದೇ ಬಲಕ್ಕೆ ವೇಗ ಜಾಸ್ತಿ ಬದಲಾಗುತ್ತೆ, ಗಟ್ಟಿಯೂ ಕಡಿಮೆ ಅನ್ನುವ ಜಾಡು ಹಿಡಿದರೆ ಸಾಕು.

ಲಕ್ಷಣ: ಗ್ರಾಫ್ ಕಂಡರೆ ಬೆಟ್ಟ ಅಂದುಕೊಳ್ಳುತ್ತಾನೆ

ದೂರ-ಕಾಲ ಗ್ರಾಫಿನಲ್ಲಿ ಮಟ್ಟಸವಾದ ಗೆರೆ ತೋರಿಸಿ. "ಸಮತಟ್ಟು ರಸ್ತೇಲಿ ಹೋಗ್ತಾ ಇದ್ದಾನೆ" ಅಂದರೆ ಗ್ರಾಫನ್ನು ಚಿತ್ರದಂತೆ ಓದುತ್ತಿದ್ದಾನೆ. ಮದ್ದು ಸುಲಭ: ಪಡಸಾಲೆಯಲ್ಲಿ ನಿಲ್ಲಿಸಿ ಆ ಗ್ರಾಫಿನ ಪ್ರಕಾರ ನಡೆಯಲು ಹೇಳಿ. ಮಟ್ಟಸ ಗೆರೆ ಬಂದಾಗ ಅವನು ನಿಂತರೆ ಅರ್ಥವಾಯಿತು. ನೆಟ್ಟಗೆ ನಿಂತ ಲಂಬ ಗೆರೆ ಕೊಟ್ಟು ಇದನ್ನು ನಡೆದು ತೋರಿಸು ಅಂದಾಗ "ಆಗಲ್ಲ ಸಾರ್" ಅಂದರೆ ಪೂರ್ತಿ ಅರ್ಥವಾಯಿತು.

ಲಕ್ಷಣ: ಓಮನ ನಿಯಮದ ಲೆಕ್ಕಕ್ಕೆ ಪೂರ್ಣ ಅಂಕ, ಬಲ್ಬ್ ಹೊತ್ತಿಸಲು ಬರುವುದಿಲ್ಲ

ಒಂದು ಸೆಲ್, ಒಂದು ಬಲ್ಬ್, ಒಂದೇ ಒಂದು ವೈರು. ಬಲ್ಬ್ ಹೊತ್ತಿಸುವುದು ಹೇಗೆ, ಮೊದಲು ಚಿತ್ರ ಬರಿ. 10ನೇ ತರಗತಿಯವರನ್ನೂ ಕೇಳಿ. ಸೆಲ್ಲಿನ ಮೇಲ್ತುದಿಯಿಂದ ಬಲ್ಬಿನ ತಳಕ್ಕೆ ಒಂದು ವೈರು ಎಳೆದು, ಪಕ್ಕದಲ್ಲಿ ಬೆಳಕಿನ ಗೆರೆ ಹಾಕಿ ಕೊಟ್ಟರೆ ಅವರ ಲೆಕ್ಕದಲ್ಲಿ ವಿದ್ಯುತ್ ಪೈಪಿನಲ್ಲಿ ಬರುವ ನೀರು, ವಾಪಸ್ ಹೋಗಬೇಕು ಅನ್ನೋದು ಗೊತ್ತಿಲ್ಲ. ಸರಿಯಾದ ದಾರಿ: ಬಲ್ಬಿನ ತಳದ ಚುಕ್ಕೆಯನ್ನು ಸೆಲ್ಲಿನ ಒಂದು ತುದಿಗೆ ನೇರ ಮುಟ್ಟಿಸಿ, ಬಲ್ಬಿನ ಪಕ್ಕದ ಲೋಹದಿಂದ ಸೆಲ್ಲಿನ ಇನ್ನೊಂದು ತುದಿಗೆ ವೈರು. ಬಲ್ಬಿಗೆ ಎರಡು ಮುಟ್ಟುವ ಜಾಗ ಇದೆ ಅನ್ನೋದೇ ಎಷ್ಟೋ ಮಕ್ಕಳಿಗೆ ಹೊಸ ವಿಷಯ, ಹೋಲ್ಡರಿನಲ್ಲಿ ಅದು ಕಾಣುವುದಿಲ್ಲವಲ್ಲ.

ಮುಂದಿನ ಹಂತ ಎರಡು ಸೆಲ್, ಎರಡು ಬಲ್ಬ್, ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು. ಹೊತ್ತಿಸುವ ಮೊದಲೇ ಕೇಳಿ, ಯಾವುದು ಜಾಸ್ತಿ ಉರಿಯುತ್ತೆ? "ಪ್ಲಸ್ ಹತ್ತಿರ ಇರೋದು, ಅದು ಮೊದಲು ಕರೆಂಟ್ ತಗೊಳ್ಳುತ್ತೆ" ಅಂದರೆ ಪ್ರವಾಹ ದಾರಿಯಲ್ಲಿ ಖರ್ಚಾಗುತ್ತದೆ ಅಂತ ಅವರ ನಂಬಿಕೆ. ಒಂದೇ ಥರದ ಬಲ್ಬಾದರೆ ಎರಡೂ ಸಮ ಉರಿಯುತ್ತವೆ. ಎರಡರಲ್ಲೂ ಹರಿಯುವುದು ಒಂದೇ ಪ್ರವಾಹ. ಲ್ಯಾಬಿನಲ್ಲಿ ಪ್ರವಾಹ ಅಳೆಯುವ ಅಮ್ಮೀಟರ್ ಇದ್ದರೆ ಬಲ್ಬುಗಳ ಆಚೆಗೊಂದು ಸಲ ಈಚೆಗೊಂದು ಸಲ ಸರಣಿಯಲ್ಲೇ ಜೋಡಿಸಿ ಓದಿ, ಅಂಕಿ ಒಂದೇ. ಅಮ್ಮೀಟರನ್ನು ನೇರ ಸೆಲ್ಲಿನ ಎರಡು ತುದಿಗೆ ಮಾತ್ರ ಕೊಡಬೇಡಿ, ಮೀಟರ್ ಹೋಗುತ್ತದೆ.

ಈ ಪರೀಕ್ಷೆಯಲ್ಲಿ ಸಾಮಾನೇ ಸುಳ್ಳು ಹೇಳುವ ಎರಡು ಸಂದರ್ಭ ಇವೆ. ಬಲ್ಬುಗಳು ಬೇರೆ ಬೇರೆ ಕಂಪನಿಯವಾದರೆ ಒಂದು ಮಂಕಾಗಿ ಉರಿಯಬಹುದು, ಆಗ ಮಗು "ನೋಡಿ, ನಾನ್ ಹೇಳಲಿಲ್ವಾ" ಅನ್ನುತ್ತದೆ. ಬಲ್ಬುಗಳ ಜಾಗ ಅದಲುಬದಲು ಮಾಡಿ. ಮಂಕು ಬಲ್ಬಿನ ಜೊತೆಗೇ ಹೋದರೆ ಬಲ್ಬಿನ ದೋಷ, ಜಾಗದ್ದಲ್ಲ. ಇನ್ನೊಂದು, ಸಮಾಂತರ ಜೋಡಣೆ, ಅಂದರೆ ಪ್ರತಿ ಬಲ್ಬಿಗೂ ಸೆಲ್ಲಿನಿಂದ ಬೇರೆ ಬೇರೆ ದಾರಿ. ಅಲ್ಲಿ ಎರಡನೇ ಬಲ್ಬ್ ಸೇರಿಸಿದರೂ ಮೊದಲನೆಯದು ಹೆಚ್ಚುಕಮ್ಮಿ ಹಾಗೇ ಉರಿಯಬೇಕು. ಸೆಲ್ ಹಳೆಯದಾಗಿದ್ದರೆ ಅದರ ಒಳಗಿನ ರೋಧ ಜಾಸ್ತಿಯಾಗಿ ಎರಡೂ ಕಣ್ಣಿಗೆ ಕಾಣುವಷ್ಟು ಮಂಕಾಗುತ್ತವೆ, ಮಗುವಿನ ತಪ್ಪು ನಂಬಿಕೆ ಗಟ್ಟಿಯಾಗುತ್ತದೆ. ಅದಕ್ಕೇ ಹೊಸ ಸೆಲ್ ತನ್ನಿ ಅಂದಿದ್ದು.

ಲಕ್ಷಣ: ಕಿರಣ ಚಿತ್ರ ಮುದ್ದಾಗಿ ಬರೆಯುತ್ತಾಳೆ, ಮಸೂರ ಕೈಗೆ ಕೊಟ್ಟರೆ ಗೊತ್ತಾಗಲ್ಲ

ಭೂತಗನ್ನಡಿ ಹಿಡಿದು ಕಿಟಕಿಯ ಪ್ರತಿಬಿಂಬವನ್ನು ಎದುರು ಗೋಡೆಯ ಮೇಲೆ ಬೀಳಿಸಿ, ತಲೆಕೆಳಗಾಗಿ ಕಾಣುತ್ತದೆ. ಈಗ ಮಸೂರದ ಅರ್ಧ ಭಾಗಕ್ಕೆ ರಟ್ಟು ಅಡ್ಡ ಹಿಡಿದರೆ ಪ್ರತಿಬಿಂಬ ಏನಾಗುತ್ತೆ? ಅರ್ಧ ಮಾಯವಾಗುತ್ತೆ ಅನ್ನೋದು ಅಚ್ಚುಮೆಚ್ಚಿನ ಉತ್ತರ. ಮಾಡಿ ನೋಡಿದರೆ ಇಡೀ ಕಿಟಕಿ ಹಾಗೇ ಇರುತ್ತದೆ, ಬೆಳಕು ಮಾತ್ರ ಕಡಿಮೆ. ಕಾರಣ ನಾವೇ. ಪುಸ್ತಕದಲ್ಲೂ ಬೋರ್ಡಿನಲ್ಲೂ ವಸ್ತುವಿನ ತುದಿಯಿಂದ ಎರಡೇ ಕಿರಣ ಎಳೆಯುತ್ತೇವೆ, ಮಕ್ಕಳು ಆ ಎರಡೇ ಕಿರಣದಿಂದ ಪ್ರತಿಬಿಂಬ ಆಗುತ್ತದೆ ಅಂದುಕೊಳ್ಳುತ್ತಾರೆ. ಒಂದೇ ಬಿಂದುವಿನಿಂದ ಹತ್ತು ಕಿರಣ ಎಳೆಸಿ, ಐದನ್ನು ಅಳಿಸಿ. ಉಳಿದವು ಅಲ್ಲೇ ಸೇರುತ್ತವೆ.

ಲಕ್ಷಣ: ರೆಕಾರ್ಡ್ ಪುಸ್ತಕದಲ್ಲಿ ಎಲ್ಲವೂ ಪುಸ್ತಕದಂತೆ ಸರಿ

ಇದನ್ನು ಯಾರೂ ದೋಷ ಅಂತ ನೋಡುವುದೇ ಇಲ್ಲ. ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ ಅಂತ ಅಳೆಯುವ ಪ್ರಯೋಗ ತೆಗೆದುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಮಂಗಳೂರಿನಲ್ಲಿ 100ರ ಹತ್ತಿರ ಬಂದರೆ ಸರಿ. ಬೆಂಗಳೂರಿನ ಇಡೀ ತರಗತಿ 100 ಅಂತ ಬರೆದಿದ್ದರೆ ಥರ್ಮಾಮೀಟರ್ ಯಾರೂ ಓದಿಲ್ಲ, ಅಥವಾ ಓದಿ 97 ಕಂಡು ಹೆದರಿ ತಿದ್ದಿದ್ದಾರೆ. ಥರ್ಮಾಮೀಟರೇ ಸರಿಯಿಲ್ಲವೇ ಅನ್ನುವ ಅನುಮಾನಕ್ಕೆ ಕರಗುತ್ತಿರುವ ಐಸಿನಲ್ಲಿಟ್ಟು ನೋಡಿ, ಸೊನ್ನೆ ತೋರಿಸಬೇಕು. ಲ್ಯಾಬ್ ಥರ್ಮಾಮೀಟರೇ ಬಳಸಿ. ಜ್ವರ ನೋಡುವುದನ್ನು ಬಿಸಿನೀರಿಗೆ ಹಾಕಿದರೆ ಒಡೆಯುತ್ತದೆ, ಪಾದರಸದ್ದಾದರೆ ಇನ್ನೂ ಅಪಾಯ. ಕುದಿಯುವ ನೀರಿನ ಹತ್ತಿರ ದೊಡ್ಡವರು ಇರಬೇಕು. ಆಂತರಿಕ ಮೌಲ್ಯಮಾಪನದ 20 ಅಂಕದಲ್ಲಿ 97 ಬರೆದವಳಿಗೆ ಕಡಿಮೆ, 100 ಬರೆದವನಿಗೆ ಪೂರ್ತಿ ಕೊಡುವ ಕಡೆ ಈ ಕಾಯಿಲೆ ವಾಸಿಯಾಗಲ್ಲ.

ಲಕ್ಷಣ: ಇಡೀ ತರಗತಿಗೆ ಒಂದೇ ಪ್ರಶ್ನೆ ತಪ್ಪು

ಮಕ್ಕಳನ್ನು ಬಿಟ್ಟು ಪ್ರಶ್ನೆಯನ್ನು ಪರೀಕ್ಷಿಸಿ. ಬಹು ಆಯ್ಕೆಯ ಪ್ರಶ್ನೆಯಾದರೆ ಯಾವ ಆಯ್ಕೆಗೆ ಎಷ್ಟು ಮಂದಿ ಎಂದು ಎಣಿಸಿ. ನಾಲ್ಕಕ್ಕೂ ಹಂಚಿಹೋಗಿದ್ದರೆ ಕಣ್ಮುಚ್ಚಿ ಟಿಕ್ ಹಾಕಿದ್ದಾರೆ, ನೂರಕ್ಕೆ 25 ಅಂತೂ ಹಾಗೇ ಸರಿಯಾಗುತ್ತದೆ. ಬಹುತೇಕರು ಒಂದೇ ತಪ್ಪು ಆಯ್ಕೆಗೆ ಹೋಗಿದ್ದರೆ ಎಲ್ಲರಲ್ಲೂ ಇರುವ ಒಂದು ನಂಬಿಕೆ ಸಿಕ್ಕಿತು. ಚೆನ್ನಾಗಿ ಓದುವವರೇ ತಪ್ಪಿ, ಉಳಿದವರು ಸರಿ ಮಾಡಿದ್ದರೆ ಪ್ರಶ್ನೆಯೋ ಕೀ ಉತ್ತರವೋ ಕೆಟ್ಟಿದೆ, ಇನ್ನೊಮ್ಮೆ ಓದಿ.

ತಪ್ಪು ಆಯ್ಕೆಗಳನ್ನು ಮಕ್ಕಳ ನಿಜವಾದ ಯೋಚನೆಗಳಿಂದಲೇ ಮಾಡಬೇಕು. ಅಮೆರಿಕದಲ್ಲಿ ಡೇವಿಡ್ ಹೆಸ್ಟಿನಿಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ ಇದೇ ಉಪಾಯದ್ದು, ಸೂತ್ರ ಬೇಡ, ಲೆಕ್ಕ ಬೇಡ, ಬರೀ ಬಲದ ಬಗ್ಗೆ ಯೋಚನೆ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಝುರ್ ಅದನ್ನು ತಮ್ಮ ತರಗತಿಗೆ ಕೊಟ್ಟಾಗ ವಿದ್ಯಾರ್ಥಿನಿಯೊಬ್ಬಳು, ನೀವು ಕಲಿಸಿದ ಪ್ರಕಾರ ಬರೆಯಲಾ, ನಾನು ನಿಜವಾಗಿ ಯೋಚಿಸುವ ಪ್ರಕಾರ ಬರೆಯಲಾ ಅಂತ ಕೇಳಿದಳಂತೆ. ಹಾರ್ವರ್ಡ್‌ನಲ್ಲೇ ಹೀಗಾದರೆ ನಮ್ಮ ಒಂಬತ್ತನೇ ಕ್ಲಾಸಿನವರ ಮೇಲೆ ಯಾಕೆ ರೇಗುವುದು?

ಪ್ರತಿ ಪ್ರಶ್ನೆಯ ಕೆಳಗೆ "ಯಾಕೆ?" ಅಂತ ಒಂದು ಸಾಲು ಖಾಲಿ ಬಿಡಿ. ಸರಿ ಉತ್ತರಕ್ಕೆ ತಪ್ಪು ಕಾರಣ ಬರೆದವರು ಎಷ್ಟಿದ್ದಾರೆ ಅಂತ ಅಲ್ಲಿ ಗೊತ್ತಾಗುತ್ತದೆ.

ಎಲ್ಲಿ ನಿಲ್ಲಿಸಬೇಕು

ಮಗು ಅಳುವಂತಾದರೆ, ಕೈ ಬೆವರಿದರೆ, ಎಲ್ಲದಕ್ಕೂ "ಗೊತ್ತಿಲ್ಲ" ಅನ್ನಲು ಶುರುಮಾಡಿದರೆ ಅಂದಿಗೆ ಸಾಕು. ಭಯದಲ್ಲಿ ಸಿಕ್ಕ ಉತ್ತರದಿಂದ ಏನೂ ಹೇಳಲಾಗದು.

ಬೋರ್ಡಿನಿಂದ ತಪ್ಪಾಗಿ ನಕಲು ಮಾಡುವುದು, ಕಣ್ಣು ಕಿರಿದು ಮಾಡಿ ನೋಡುವುದು ಕಂಡರೆ ಮೊದಲು ಕಣ್ಣು ಪರೀಕ್ಷೆ. ಸರ್ಕಾರಿ ಶಾಲೆಯಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ, ಅವರಿಗೆ ಹೆಸರು ಕೊಡಿ. ಹೇಳಿದ್ದನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುವ ಮಗುವಿಗೆ ಕಿವಿ ಪರೀಕ್ಷೆ. ಬಾಯಲ್ಲಿ ಎಲ್ಲ ಸರಿ ಹೇಳಿ ಓದಲು ಬರೆಯಲು ಮಾತ್ರ ಒದ್ದಾಡುತ್ತಿದ್ದರೆ, ಅಥವಾ 72 ಅನ್ನು ಪದೇ ಪದೇ 27 ಅಂತ ಬರೆಯುತ್ತಿದ್ದರೆ, ಕಲಿಕೆಯ ತೊಂದರೆ ನೋಡುವ ತಜ್ಞರ ಹತ್ತಿರ ಕಳಿಸಿ. ಹೆಸರಿಡುವುದು ಅವರ ಕೆಲಸ, ನಮ್ಮದಲ್ಲ. ಮೊದಲು ಚೆನ್ನಾಗಿದ್ದ ಮಗು ಎಲ್ಲ ವಿಷಯದಲ್ಲೂ ಒಮ್ಮೆಗೇ ಬಿದ್ದರೆ ಫಿಸಿಕ್ಸ್ ಪಕ್ಕಕ್ಕಿಟ್ಟು ಮನೆಯಲ್ಲಿ ಏನಾಗಿದೆ ಅಂತ ಮೆಲ್ಲಗೆ ವಿಚಾರಿಸಿ.

ಸರಿಯಾಯಿತು ಅನ್ನುವ ಮೊದಲು

ತಿದ್ದಿದ ಮರುದಿನ ಕೇಳಿದರೆ ಎಲ್ಲರೂ ಸರಿ ಹೇಳುತ್ತಾರೆ. ಕೆಲವು ವಾರ ಬಿಟ್ಟು ಕೇಳಿ, ಅದೇ ಪ್ರಶ್ನೆ ಬೇಡ. ಚೆಂಡಿನ ಬದಲು ತೆಂಗಿನಮರದಿಂದ ಕಳಚಿ ಬೀಳುತ್ತಿರುವ ಕಾಯಿ, ಕೇರಂ ಸ್ಟ್ರೈಕರ್ ಬದಲು ಪೆಡಲ್ ನಿಲ್ಲಿಸಿದ ಸೈಕಲ್, ಎರಡು ಬಲ್ಬಿನ ಬದಲು ಮೂರು. ಹಳೇ ನಂಬಿಕೆ ವಾಪಸ್ ಬಂದಿದ್ದರೆ ಸೈಕಲ್ಲಿನ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತದೆ, ಆಗ ಪೆನ್ಸಿಲ್ ಬಾಣದಿಂದ ಮತ್ತೆ ಶುರು ಮಾಡಿ.